ಪಡೆದುಕೊಂಡು ಬಂದದ್ದು

ಉಣ್ಣುವಾಗ ನೀರು ನೆತ್ತಿಗೇರಿ ಕೆಮ್ಮು ಬಂದರೆ ಪಕ್ಕದಲ್ಲಿ ಕೂತವರು ನೆತ್ತಿ ತಟ್ಟಿ, ಯಾರೋ ನೆನೆಸಿಕೊಂಡರು ಅನ್ನುತ್ತಾರೆ. ಎಲ್ಲರಿಗೂ ಅಪರೂಪಕ್ಕೆ ಆಗುವ ಈ ಫಜೀತಿ ಕೆಲವೇ ಕೆಲವರಿಗೆ ದಿನದ ಪಾಡು. ಮುದ್ದೆ ಹೇಗೋ ಇಳಿಯುತ್ತದೆ, ಮಜ್ಜಿಗೆ ಇಳಿಯುವುದಿಲ್ಲ. ಗುಟುಕು ಗಂಟಲು ದಾಟಿದ ಮೇಲೆ ಕೆಮ್ಮು ಒತ್ತರಿಸಿ ಬರುತ್ತದೆ. ಮತ್ತೆ ಮತ್ತೆ ನ್ಯುಮೋನಿಯಾ, ಕಫದಲ್ಲಿ ಒಮ್ಮೊಮ್ಮೆ ರಕ್ತ. ಮನೆಯವರು ಅದನ್ನು ಗೂರಲು ಅನ್ನುತ್ತಾರೆ, ಡಾಕ್ಟರು ಅಸ್ತಮಾ ಅನ್ನುತ್ತಾರೆ, ರಕ್ತ ಕಂಡಾಗ ಕ್ಷಯದ ಗುಳಿಗೆ ಶುರುವಾಗುತ್ತದೆ. ಇಂಥವರಲ್ಲಿ ತೀರ ಅಪರೂಪಕ್ಕೆ ಒಬ್ಬರ ಎದೆಯೊಳಗೆ, ಅನ್ನನಾಳಕ್ಕೂ ಶ್ವಾಸನಾಳಕ್ಕೂ ಇಲ್ಲವೇ ಅದರ ಕವಲಿಗೂ ನಡುವೆ, ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಉಳಿದುಹೋದ ಒಂದು ಕಿರುದಾರಿ ಇರುತ್ತದೆ. ಅದು ಪತ್ತೆಯಾಗುವ ಹೊತ್ತಿಗೆ ಆ ಮನುಷ್ಯನಿಗೆ ಮೂವತ್ತೋ ಐವತ್ತೋ ಆಗಿರಬಹುದು. ‘ಇದು ಹುಟ್ಟಿನಿಂದಲೇ ಇದ್ದದ್ದು’ ಎಂದು ವೈದ್ಯರು ಹೇಳಿದ್ದೇ ತಡ, ಮನೆಯಲ್ಲಿ ಇನ್ನೊಂದು ಮಾತು ಏಳುತ್ತದೆ: ಪಡೆದುಕೊಂಡು ಬಂದದ್ದು, ಅನುಭವಿಸಬೇಕು. ವೈದ್ಯರ ಮಾತು ರೋಗ ಯಾವಾಗಿನದು ಎಂದಷ್ಟೇ ಹೇಳುತ್ತದೆ. ಮನೆಯ ಮಾತು ತೀರ್ಪು ಕೊಡುತ್ತದೆ. ಅಲ್ಲಿಂದ ಇಲ್ಲಿಗೆ ಜಾರಲು ನಮ್ಮ ಧರ್ಮಚಿಂತನೆಯಲ್ಲೂ ಅಷ್ಟು ಸುಲಭದ ಅಪ್ಪಣೆ ಇಲ್ಲ ಎಂಬುದು ನನ್ನ ವಾದ.

ದೇಹದ ಸಂಗತಿಯನ್ನು ಮೊದಲು ನೋಡಬೇಕು, ಏಕೆಂದರೆ ಕರ್ಮದ ಮಾತು ಸಾಮಾನ್ಯವಾಗಿ ಶುರುವಾಗುವುದೇ ದೇಹದ ಬಗೆಗಿನ ಕುತೂಹಲ ಮುಗಿದಲ್ಲಿ. ಗರ್ಭ ಕಟ್ಟಿದ ನಾಲ್ಕನೆಯ ವಾರದಲ್ಲಿ ಅನ್ನಕ್ಕೂ ಉಸಿರಿಗೂ ಇರುವುದು ಒಂದೇ ಕೊಳವೆ. ಅದರ ಮುಂಭಾಗದಲ್ಲಿ ಶ್ವಾಸಕೋಶದ ಮೊಗ್ಗು ಒಡೆದು, ಬರಬರುತ್ತ ಎರಡು ನಾಳಗಳು ಬೇರೆಯಾಗುತ್ತವೆ. ಬೇರೆಯಾಗುವ ಕೆಲಸ ಎಲ್ಲೋ ಒಂದು ಕಡೆ ಪೂರ್ತಿಯಾಗದಿದ್ದರೆ ಹಳೆಯ ನಂಟು ಉಳಿಯುತ್ತದೆ. ಇಂಥ ಬಹುಪಾಲು ಕೂಸುಗಳಲ್ಲಿ ಅನ್ನನಾಳವೂ ನಡುವೆ ತುಂಡಾಗಿರುವುದರಿಂದ ಹುಟ್ಟಿದ ದಿನವೇ ವಿಷಯ ಗೊತ್ತಾಗುತ್ತದೆ. ಥಾಮಸ್ ಗಿಬ್ಸನ್ ಎಂಬ ಇಂಗ್ಲಿಷ್ ವೈದ್ಯ 1697ರಲ್ಲೇ ಇದನ್ನು ಬರೆದಿಟ್ಟಿದ್ದ. ತುಂಡಾದ ನಾಳವನ್ನು ಒಂದೇ ಸಲಕ್ಕೆ ಜೋಡಿಸಿ ಮಗುವನ್ನು ಉಳಿಸಿದ್ದು 1941ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ, ಕ್ಯಾಮೆರಾನ್ ಹೈಟ್. ಅನ್ನನಾಳ ಅಖಂಡವಾಗಿದ್ದು ಪಕ್ಕದ ನಾಳಕ್ಕೆ ಕಿರುದಾರಿಯೊಂದೇ ಇರುವ ಬಗೆ ಬೇರೆ. ಎಚ್ ಅಕ್ಷರದ ಆಕಾರದ್ದೆಂದು ಹೆಸರಾದ ಅದನ್ನು 1873ರಲ್ಲಿ ಲ್ಯಾಂಬ್ ವಿವರಿಸಿದ. ಒಟ್ಟು ಪ್ರಕರಣಗಳಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದು ಮಾತ್ರ. ದೊಡ್ಡವರಾಗುವ ತನಕ ಅಡಗಿ ಕೂರುವುದು ಇದು, ಇಲ್ಲವೇ ಇನ್ನೂ ಕೆಳಗೆ ಶ್ವಾಸನಾಳದ ಕವಲಿಗೆ ಸೇರಿಕೊಂಡದ್ದು. ಏಕೆ ಅಡಗುತ್ತದೆ ಎನ್ನುವುದಕ್ಕೆ ವೈದ್ಯರು ಹಲವು ಕಾರಣ ಊಹಿಸಿದ್ದಾರೆ: ದಾರಿ ಅನ್ನನಾಳದಿಂದ ಓರೆಯಾಗಿ ಮೇಲಕ್ಕೆ ಹತ್ತುವುದರಿಂದ ನುಂಗುವಾಗ ಮುಚ್ಚಿಕೊಳ್ಳುತ್ತದೆ, ಒಳಪದರದ ಮಡಿಕೆಯೊಂದು ಕದದ ಹಾಗೆ ಅಡ್ಡ ನಿಲ್ಲುತ್ತದೆ, ತೆಳುಪೊರೆ ಎಷ್ಟೋ ವರ್ಷ ತಡೆದಿದ್ದು ಕೊನೆಗೆ ಹರಿಯುತ್ತದೆ. 1965ರಲ್ಲಿ ಬ್ರೇಂಬ್ರಿಜ್ ಮತ್ತು ಕೀತ್ ವಯಸ್ಕರಲ್ಲಿ ಕಾಣುವ ಇಂಥ ದಾರಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಈ ವಿವರಗಳಲ್ಲಿ ಎಲ್ಲೂ ಪಾಪಪುಣ್ಯಕ್ಕೆ ಜಾಗವಿಲ್ಲ. ಆದರೆ ಅಷ್ಟರಿಂದಲೇ ಕರ್ಮವಾದ ಬಿದ್ದುಹೋಯಿತು ಅನ್ನುವುದು ಅವಸರದ ಮಾತಾಗುತ್ತದೆ. ಹೇಗೆ ಆಯಿತು ಎಂದು ತಿಳಿದವನಿಗೂ ನನಗೇ ಏಕೆ ಆಯಿತು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಆ ಪ್ರಶ್ನೆಗೆ ಊರಲ್ಲಿ ಎರಡು ಉತ್ತರ ಸಿದ್ಧವಾಗಿರುತ್ತವೆ. ಒಂದು, ತಾಯಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಏನನ್ನೋ ಹೆಚ್ಚಿದಳು ಎಂಬುದು. ಇನ್ನೊಂದು ಹಿಂದಿನ ಜನ್ಮದ್ದು. ಇವೆರಡನ್ನೂ ಒಂದೇ ಮೂಢನಂಬಿಕೆಯ ಗಂಟಿಗೆ ಕಟ್ಟುವುದು ನಮ್ಮ ವಿಚಾರವಾದಿಗಳ ರೂಢಿ, ಅದು ಸರಿಯಲ್ಲ. ಗ್ರಹಣದ ಮಾತನ್ನು ಪರೀಕ್ಷಿಸಿ ನೋಡಬಹುದು. ಅವಳಿ ಮಕ್ಕಳಲ್ಲಿ ಈ ದೋಷ ಬಂದಾಗ ಹೆಚ್ಚಿನ ಜೋಡಿಗಳಲ್ಲಿ ಅದು ಒಂದು ಮಗುವಿಗೆ ಮಾತ್ರ ಇರುತ್ತದೆ. ಅದೇ ಗರ್ಭ, ಅದೇ ಗ್ರಹಣ, ಅದೇ ತಾಯಿಯ ಅದೇ ಚಾಕು. ಒಂದಕ್ಕೆ ತಾಗಿ ಇನ್ನೊಂದಕ್ಕೆ ತಾಗದಿರಲು ಕಾರಣವಿಲ್ಲ. ಹೀಗೆ ಆ ಮಾತು ಪರೀಕ್ಷೆಯಲ್ಲಿ ಸೋಲುತ್ತದೆ, ಸೋಲುವ ಮಟ್ಟಿಗಾದರೂ ಅದು ಲೋಕದ ಬಗೆಗಿನ ಮಾತು. ಕರ್ಮದ ಮಾತು ಸೋಲುವುದೇ ಇಲ್ಲ. ಅವಳಿಗಳ ಹಿಂದಿನ ಜನ್ಮ ಬೇರೆ ಬೇರೆ ಅಂದರೆ ಮುಗಿಯಿತು. ರೋಗ ಅಸ್ತಮಾ ಅಂದಾಗಲೂ ಕರ್ಮವೇ, ಕ್ಷಯ ಅಂದಾಗಲೂ ಕರ್ಮವೇ, ಎರಡೂ ಅಲ್ಲ, ಹುಟ್ಟಿನ ದಾರಿ ಅಂದಾಗಲೂ ಕರ್ಮವೇ. ವಾಸಿಯಾದರೆ ಕರ್ಮ ಕಳೆಯಿತು, ಆಗದಿದ್ದರೆ ಇನ್ನೂ ಉಳಿದಿದೆ. ಏನೇ ಆದರೂ ಬದಲಾಗದ ಉತ್ತರ, ಏನಾಗಿದೆ ಎಂದು ತಿಳಿಯಲು ನೆರವಾಗಲಾರದು. ಅದನ್ನು ಸುಳ್ಳೆಂದು ಸಾಧಿಸಲು ನನ್ನಿಂದಾಗದು. ರೋಗದ ಕಾರಣವೆಂದು ಕರೆಯಲು ಅದಕ್ಕೆ ಅರ್ಹತೆ ಇಲ್ಲ ಎಂದಷ್ಟೇ ಹೇಳಬಲ್ಲೆ.

ಚಿತ್ರದುರ್ಗ ಜಿಲ್ಲೆಯ ಈ ಮೂಲೆಯಲ್ಲಿ ಇಂಥ ಮಾತಾಡುವುದಕ್ಕೆ ಹೊರಗಿನ ವಿಜ್ಞಾನವೊಂದನ್ನೇ ನೆಚ್ಚಬೇಕಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಪಕ್ಕದ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಬೆಟ್ಟ, ಈ ಮೂರು ಕಡೆ ಅಶೋಕನ ಕಿರುಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಈ ಆಜ್ಞೆ ಶುರುವಾಗುವುದು ಅಧಿಕಾರಿಗಳ ಆರೋಗ್ಯ ವಿಚಾರಿಸುವುದರೊಂದಿಗೆ. ಕಚೇರಿಯ ಶಿಷ್ಟಾಚಾರವೇ ಇರಬಹುದು, ಆದರೂ ಬಂಡೆಯ ಮೇಲೆ ಕೊರೆಸಿದ ಮೊದಲ ಮಾತುಗಳಲ್ಲಿ ಅದೂ ಒಂದು. ಆಮೇಲೆ ಬರುವುದು ಅಶೋಕನ ಸ್ವಂತ ಲೆಕ್ಕಾಚಾರ: ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿದೆ, ಅದರಲ್ಲಿ ಒಂದು ವರ್ಷ ಹೆಚ್ಚಿನ ಪ್ರಯತ್ನ ಮಾಡಲಿಲ್ಲ, ಸಂಘವನ್ನು ಸೇರಿದ ಮೇಲೆ ಒಂದು ವರ್ಷಕ್ಕೂ ಮಿಕ್ಕಿ ಶ್ರಮಪಟ್ಟಿದ್ದೇನೆ. ಈ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಸ್ವರ್ಗ ದಕ್ಕುತ್ತದೆ, ಅದಕ್ಕಾಗಿಯೇ ಇದನ್ನು ಸಾರುತ್ತಿದ್ದೇನೆ ಎನ್ನುತ್ತಾನೆ. ಅಶೋಕ ಇಲ್ಲಿ ಔಷಧದ ಮಾತಾಡುತ್ತಿಲ್ಲ. ಧರ್ಮದಲ್ಲಿ ಪಡುವ ಶ್ರಮದ ಮಾತಾಡುತ್ತಿದ್ದಾನೆ. ಅದನ್ನು ಎಳೆದು ಶಸ್ತ್ರಚಿಕಿತ್ಸೆಗೆ ಹೊದಿಸುವುದು ಜಾಣತನವಾದೀತೇ ಹೊರತು ಪ್ರಾಮಾಣಿಕತೆಯಾಗದು. ಆದರೆ ಅವನ ಮಾತಿನಲ್ಲಿ ಒಂದು ಆಧಾರ ತತ್ವವಿದೆ: ಹುಟ್ಟಿನಲ್ಲಿ ಸಿಕ್ಕ ಜಾಗ ಮನುಷ್ಯ ಎಲ್ಲಿಗೆ ತಲುಪಬಹುದೆಂಬುದನ್ನು ಗೊತ್ತುಮಾಡುವುದಿಲ್ಲ. ಔಷಧದ ಮಾತು ಬೇಕೆಂದರೆ ಅದೂ ಇದೆ. ಪೂರ್ವಕ್ಕೆ, ಆಂಧ್ರದ ಕರ್ನೂಲು ಸೀಮೆಯ ಎರ್ರಗುಡಿಯಲ್ಲಿ ಕಿರುಶಾಸನಗಳ ಜೊತೆಗೆ ಅವನ ಹದಿನಾಲ್ಕು ದೊಡ್ಡ ಶಾಸನಗಳೂ ಇವೆ. ಎರಡನೆಯದರಲ್ಲಿ ತನ್ನ ರಾಜ್ಯದಲ್ಲೂ ಗಡಿಯಾಚೆಯ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ನಾಡುಗಳಲ್ಲೂ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ ಏರ್ಪಡಿಸಿದ್ದನ್ನೂ, ಗಿಡಮೂಲಿಕೆ ಇಲ್ಲದ ಕಡೆ ತರಿಸಿ ನೆಡಿಸಿದ್ದನ್ನೂ ಹೇಳುತ್ತಾನೆ. ರೋಗಿ ಪಡೆದುಬಂದದ್ದನ್ನು ಅನುಭವಿಸಲಿ ಎಂದು ನಂಬಿದ ಅರಸು ಬೇರು ತರಿಸಿ ನೆಡಿಸುವುದಿಲ್ಲ.

ಅಶೋಕ ಹಿಡಿದ ದಾರಿಯ ಮೂಲದಲ್ಲೇ ಈ ಪ್ರಶ್ನೆಗೆ ನೇರ ಉತ್ತರವಿದೆ. ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಅನ್ನುತ್ತಾರಲ್ಲ, ನೀವೇನು ಹೇಳುತ್ತೀರಿ? ಬುದ್ಧ ಎಂಟು ಕಾರಣ ಎಣಿಸುತ್ತಾನೆ. ಪಿತ್ತ, ಕಫ, ವಾತ, ಮೂರೂ ಸೇರಿದ್ದು, ಋತುವಿನ ಬದಲಾವಣೆ, ಅಜಾಗರೂಕತೆ, ಹೊರಗಿನ ಪೆಟ್ಟು, ಎಂಟನೆಯದು ಕರ್ಮ. ಎಲ್ಲವನ್ನೂ ಹಿಂದಿನದಕ್ಕೆ ಹಚ್ಚುವವರು ತಾವು ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆ ಎನ್ನುತ್ತಾನೆ. ಕರ್ಮವನ್ನು ಅವನು ಬಿಟ್ಟಿಲ್ಲ, ಸಾಲಿನ ಕೊನೆಯಲ್ಲಿ ನಿಲ್ಲಿಸಿದ್ದಾನೆ. ವೈದ್ಯರ ಕಡೆಯಿಂದ ಸುಶ್ರುತ ಇನ್ನೂ ಖಚಿತ. ಸೂತ್ರಸ್ಥಾನದಲ್ಲಿ ರೋಗಗಳನ್ನು ಏಳು ಬಗೆ ಮಾಡುವಾಗ ಹುಟ್ಟುಕುರುಡು, ಹುಟ್ಟುಕಿವುಡು ಮೊದಲಾದವನ್ನು ಜನ್ಮಬಲದಿಂದ ಬಂದವೆಂದು ಒಂದು ಕಡೆ ಇಟ್ಟು, ದೈವಬಲದಿಂದ ಬಂದವನ್ನು ಬೇರೆಯೇ ಕಡೆ ಇಡುತ್ತಾನೆ. ಹುಟ್ಟಿನಿಂದ ಬಂದದ್ದೆಲ್ಲ ದೈವದ್ದಾಗಿದ್ದರೆ ಎರಡು ಪಟ್ಟಿ ಬೇಕಿರಲಿಲ್ಲ.

ಇಲ್ಲಿ ಒಬ್ಬ ಓದುಗ ನನ್ನನ್ನು ಹಿಡಿಯಬಹುದು. ಅದೇ ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭ ವಿಕಾರಗೊಳ್ಳಲು ತಂದೆತಾಯಿಯ ನಾಸ್ತಿಕ್ಯ, ಹಿಂದೆ ಮಾಡಿದ ಅಶುಭಗಳು, ವಾತಾದಿಗಳ ಕೆರಳು ಎಂದು ಒಟ್ಟಿಗೇ ಹೇಳಿದೆ. ಜನ್ಮಬಲದ ರೋಗಗಳಿಗೂ ಸೂತ್ರಸ್ಥಾನದಲ್ಲಿ ತಾಯಿಯ ನಡತೆಯನ್ನೇ ಹೊಣೆ ಮಾಡಿದೆ. ನಿಜ. ಗ್ರಂಥ ಒಂದೇ ದನಿಯದಲ್ಲ, ಅದರಲ್ಲಿ ಗ್ರಹಣದ ಮಾತಾಡುವ ನಮ್ಮೂರ ಅಜ್ಜಿಯೂ ಇದ್ದಾಳೆ. ಆದರೆ ಯಾವ ದನಿ ಯಾವ ಕೆಲಸಕ್ಕೆ ಮಾತಾಡುತ್ತಿದೆ ನೋಡಬೇಕು. ರೋಗಗಳನ್ನು ವಿಂಗಡಿಸುವುದು ಚಿಕಿತ್ಸೆಗಾಗಿ. ಅಲ್ಲಿ ವೈದ್ಯನಿಗೆ ದೈವವನ್ನೂ ಜನ್ಮವನ್ನೂ ಬೆರೆಸಿದರೆ ಕೈ ಓಡುವುದಿಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಅಗ್ನಿವೇಶ ಆಯುಸ್ಸು ಮೊದಲೇ ಗೊತ್ತಾಗಿರುವುದೋ ಎಂದು ಕೇಳಿದಾಗ ಆತ್ರೇಯ ಕೊಡುವ ಉತ್ತರವೂ ಇಂಥದೇ ವಿವೇಕದ್ದು: ದೈವವೂ ಇದೆ, ಪುರುಷಕಾರವೆಂಬ ಮನುಷ್ಯಪ್ರಯತ್ನವೂ ಇದೆ, ಬಲವಾದದ್ದು ದುರ್ಬಲವಾದದ್ದನ್ನು ಹಿಮ್ಮೆಟ್ಟಿಸುತ್ತದೆ; ಎಲ್ಲವೂ ಗೊತ್ತಾಗಿಬಿಟ್ಟಿದ್ದರೆ ಮಂತ್ರವೂ ಮದ್ದೂ ಯಾರಿಗೂ ಬೇಕಾಗುತ್ತಿರಲಿಲ್ಲ.

ಕರ್ಮವಾದದ ಅತ್ಯುತ್ತಮ ರೂಪ ಇದೇ ಎನ್ನುವವರಿದ್ದಾರೆ. ದೈವವೆಂದರೆ ನಾನೇ ಹಿಂದೆ ಮಾಡಿದ ಪುರುಷಕಾರ, ಹಾಗಾಗಿ ಈಗಿನ ಪ್ರಯತ್ನದಿಂದ ಅದನ್ನು ಗೆಲ್ಲಬಹುದು. ಶಸ್ತ್ರವೈದ್ಯ ಸಿಕ್ಕಿದ್ದೂ ನನ್ನ ಪುಣ್ಯವೇ. ಈ ರೂಪದಲ್ಲಿ ಕರ್ಮ ಯಾರಿಗೂ ಕೆಡುಕು ಮಾಡುವುದಿಲ್ಲ, ಒಪ್ಪುತ್ತೇನೆ. ಆದರೆ ಆಗ ಅದು ರೋಗಿಗೆ ಹೊಸದಾಗಿ ಹೇಳುವುದೇನು? ಚಿಕಿತ್ಸೆ ಮಾಡಿಸು ಅನ್ನುತ್ತದೆ, ಅದನ್ನು ವೈದ್ಯರೂ ಅನ್ನುತ್ತಾರೆ. ಅದರ ಮೇಲೆ ಇನ್ನೊಂದನ್ನು ಸದ್ದಿಲ್ಲದೆ ಸೇರಿಸುತ್ತದೆ: ಈ ನೋವಿಗೆ ನೀನು ಅರ್ಹನಾಗಿದ್ದೆ. ನನ್ನ ತಕರಾರು ಈ ಸೇರ್ಪಡೆಯ ಮೇಲೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಈ ಸೀಮೆ ನೆನೆಯುವುದು ಕೆರೆಗಳನ್ನು ಕಟ್ಟಿಸಿದವನೆಂದು, ಮಾಡಿದವರಿಗೆ ಮಾಡಿದಷ್ಟೇ ಸಲ್ಲಬೇಕು ಎಂದು ಸಾರಿದವನೆಂದು. ಕರ್ಮತತ್ವದ ನೈತಿಕ ಆಕರ್ಷಣೆ ಪೂರ್ತಿ ಈ ನ್ಯಾಯದಲ್ಲಿದೆ: ಕೆಲಸಕ್ಕೆ ತಕ್ಕ ಕೂಲಿ. ಆದರೆ ಕೆರೆಯ ಏರಿಯ ಮೇಲೆ ಕೂಲಿ ಪಡೆಯುವವನಿಗೆ ತಾನು ಎಷ್ಟು ಮಂಕರಿ ಮಣ್ಣು ಹೊತ್ತೆ ಎಂದು ಗೊತ್ತಿರುತ್ತದೆ, ಕೊಟ್ಟದ್ದು ಕಡಿಮೆಯಾದರೆ ಕೇಳಬಹುದು. ನೆನಪಿಲ್ಲದ ಕೆಲಸಕ್ಕೆ, ಲೆಕ್ಕ ತೋರಿಸದೆ, ಮೂವತ್ತು ವರ್ಷ ಕೂಲಿ ಮುರಿದುಕೊಳ್ಳುವುದನ್ನು ತಿಪ್ಪೇರುದ್ರಸ್ವಾಮಿಯ ಹೆಸರಿನಲ್ಲಿ ಯಾರೂ ಸಮರ್ಥಿಸಲಾರರು. ಶಿಕ್ಷೆ ನ್ಯಾಯವಾಗುವುದು ಶಿಕ್ಷೆ ಉಣ್ಣುವವನಿಗೆ ತಪ್ಪು ಯಾವುದೆಂದು ತಿಳಿದಾಗ. ಹಾಗೆ ತಿಳಿಯುವ ದಾರಿಯೇ ಇಲ್ಲದ ಕಡೆ ಅದನ್ನು ಶಿಕ್ಷೆ ಅನ್ನುವುದಕ್ಕಿಂತ ಆಕಸ್ಮಿಕ ಅನ್ನುವುದು ರೋಗಿಯ ಮಾನಕ್ಕೆ ಹೆಚ್ಚು ಮರ್ಯಾದೆ. ಬೈಬಲ್ಲಿನಲ್ಲೂ ಶಿಷ್ಯರು ಹುಟ್ಟುಕುರುಡನೊಬ್ಬನನ್ನು ತೋರಿಸಿ ಪಾಪ ಇವನದೋ ತಂದೆತಾಯಿಯದೋ ಎಂದು ಕೇಳಿದಾಗ ಯೇಸು ಎರಡೂ ಅಲ್ಲ ಅನ್ನುತ್ತಾನೆ. ಪ್ರಶ್ನೆ ನಮ್ಮೊಬ್ಬರದೇ ಅಲ್ಲ.

ಸಮಾಧಾನದ ವಾದ ಇದಕ್ಕಿಂತ ಗಟ್ಟಿ. ಆಕಸ್ಮಿಕ ಅಂದರೆ ಮನುಷ್ಯ ಒಂಟಿಯಾಗುತ್ತಾನೆ, ಕರ್ಮ ಅಂದರೆ ನೋವಿಗೊಂದು ಅರ್ಥ ಸಿಗುತ್ತದೆ, ಅದನ್ನು ಕಿತ್ತುಕೊಳ್ಳಲು ನೀವ್ಯಾರು? ಕಿತ್ತುಕೊಳ್ಳುವ ಹಕ್ಕು ನನಗಿಲ್ಲ. ವೈದ್ಯದ ಕೈಗೆ ಎಟುಕದ ನೋವಿನ ಮುಂದೆ ಜನ ಯಾವುದರಿಂದ ಧೈರ್ಯ ತಂದುಕೊಂಡರೂ ಅದನ್ನು ಹೀಯಾಳಿಸಬಾರದು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆಸಿದಾಗ, ನಯಗೊಳಿಸಿದ ಕಲ್ಲುಕೊಡಲಿಗಳ ಕಾಲದ ಪದರದಲ್ಲಿ ಮಡಕೆಗಳೊಳಗೆ ಹೂತಿಟ್ಟ ಕೂಸುಗಳ ಎಲುಬು ಸಿಕ್ಕವು. ದೊಡ್ಡವರಿಗೆ ಒಂದು ಬಗೆ, ಕೂಸುಗಳಿಗೆ ಬೇರೆ ಬಗೆ. ಆ ತಾಯಂದಿರು ಏನು ಹೇಳಿಕೊಂಡು ಸಮಾಧಾನಪಟ್ಟರೋ, ಅದನ್ನು ಇವತ್ತಿನ ತಿಳಿವಳಿಕೆಯಿಂದ ತೂಗುವುದು ಅಧಿಕಪ್ರಸಂಗ. ಆದರೆ ಸಮಾಧಾನಕ್ಕೂ ಒಂದು ಸರದಿ ಇದೆ. ಮಾಡಬಹುದಾದದ್ದು ಮುಗಿದ ಮೇಲೆ ಬಂದರೆ ಅದು ಆಸರೆ, ಮೊದಲೇ ಬಂದು ಕೂತರೆ ಅಡ್ಡಿ. ವಯಸ್ಕರಲ್ಲಿ ಕಾಣುವ ಈ ದಾರಿಯ ವಿಚಿತ್ರವೇ ಅದು: ಹುಟ್ಟಿನಿಂದ ಇದ್ದೂ ವಾಸಿಯಾಗಬಲ್ಲದ್ದು. ಇಲ್ಲಿ ಮುಂಚಿತವಾಗಿ ಸಿಗುವ ಸಮಾಧಾನಕ್ಕೆ ರೋಗಿಯ ಶ್ವಾಸಕೋಶ ಬೆಲೆ ತೆರುತ್ತದೆ. ಒಳಗೆ ಸೋರಿದ ಎಂಜಲು, ಅನ್ನದ ಅಗುಳು ಅದೇ ಭಾಗವನ್ನು ಮತ್ತೆ ಮತ್ತೆ ಕೆರಳಿಸಿ, ಗಾಳಿಯ ಕವಲುಗಳು ಹಿಗ್ಗಿ ಕೀವು ನಿಲ್ಲುವ ಚೀಲಗಳಾಗುತ್ತವೆ. ಬೇಗ ಸಿಕ್ಕಿದ್ದರೆ ದಾರಿಯೊಂದನ್ನೇ ಮುಚ್ಚಿದರೆ ಸಾಕಿತ್ತು, ತಡವಾದರೆ ಹಾಳಾದ ಭಾಗವನ್ನೂ ತೆಗೆಯಬೇಕಾಗುತ್ತದೆ.

ನನಗೆ ನಿಜಕ್ಕೂ ಕಷ್ಟವೆನಿಸುವ ಆಕ್ಷೇಪ ಧರ್ಮದ ಕಡೆಯಿಂದ ಬರುವುದಲ್ಲ, ಸ್ವಭಾವದ ಕಡೆಯಿಂದ ಬರುವುದು. ಈ ಮನುಷ್ಯ ನಲವತ್ತು ವರ್ಷ ಹೀಗೇ ಬದುಕಿದ್ದಾನೆ. ಗುಟುಕು ಗುಟುಕಾಗಿ ಕುಡಿಯುವುದನ್ನು ಕಲಿತಿದ್ದಾನೆ, ಮಲಗುವ ಮುಂಚೆ ನೀರು ಮುಟ್ಟುವುದಿಲ್ಲ. ಅವನ ದೇಹ ಇರುವುದೇ ಹೀಗೆ. ಇದನ್ನು ದೋಷ ಎಂದು ಕರೆದವರು ಯಾರು, ಬೇರೆಯವರ ದೇಹವನ್ನು ಅಳತೆಗೋಲು ಮಾಡಿದವರು ಯಾರು? ಕಿವುಡರ ಸಮುದಾಯಗಳು, ಕುಳ್ಳರು ಇಂದು ಇದೇ ಪ್ರಶ್ನೆ ಕೇಳುತ್ತಿದ್ದಾರೆ, ಅವರ ಬಾಯಲ್ಲಿ ಅದಕ್ಕೆ ತೂಕವಿದೆ. ಉತ್ತರಕ್ಕೆ ಸುಶ್ರುತನ ಏಳನೆಯ ಪಟ್ಟಿ ನೆರವಾಗುತ್ತದೆ. ಸ್ವಭಾವಬಲದ್ದೆಂದು ಅವನು ಇಟ್ಟದ್ದು ಹಸಿವು, ಬಾಯಾರಿಕೆ, ಮುಪ್ಪು, ಸಾವು, ನಿದ್ದೆ, ಎಲ್ಲರಿಗೂ ಬರುವಂಥವು. ನಮ್ಮ ಗಂಟಲಲ್ಲಿ ಅನ್ನ ಮತ್ತು ಗಾಳಿಯ ದಾರಿಗಳು ಅಡ್ಡ ಹಾಯುವುದು ಆ ಅರ್ಥದಲ್ಲಿ ಸ್ವಭಾವ. ತಿಂದ ಪ್ರತಿ ತುತ್ತೂ ಶ್ವಾಸನಾಳದ ಬಾಯಿಯನ್ನು ದಾಟಿಯೇ ಹೋಗಬೇಕಾದ ಈ ವಿಚಿತ್ರವನ್ನು ಡಾರ್ವಿನ್ ತನ್ನ 1859ರ ಪುಸ್ತಕದಲ್ಲಿ ಗುರುತಿಸಿ, ಮೀನಿನ ಗಾಳಿಚೀಲದ ವಂಶಕ್ಕೆ ಜೋಡಿಸಿ ವಿವರಿಸಿದ. ನಮ್ಮೆಲ್ಲರ ಕೊರಳೂ ಅರೆಬರೆ ಬೇರ್ಪಟ್ಟದ್ದೇ, ಎದೆಯಲ್ಲಿ ದಾರಿ ಉಳಿದವನು ಆ ಸಾಮಾನ್ಯ ಕಥೆಯಲ್ಲಿ ಇನ್ನೊಂದು ಹೆಜ್ಜೆ ಹಿಂದುಳಿದವನು, ಅಷ್ಟೆ. ಹಾಗಾಗಿ ಅವನನ್ನು ಮಿಕ್ಕವರಿಂದ ಬೇರೆ ಮಾಡಿ ಕಳಂಕ ಹಚ್ಚಲು ಆಧಾರವಿಲ್ಲ, ಸರಿ. ಆದರೆ ಅವನ ತೊಂದರೆ ಜನರ ನೋಟದಿಂದ ಬಂದದ್ದಲ್ಲ. ಊರಿನವರೆಲ್ಲ ಒಪ್ಪಿ ಅಪ್ಪಿಕೊಂಡರೂ ನೀರು ಶ್ವಾಸಕೋಶಕ್ಕೇ ಹೋಗುತ್ತದೆ. ಕಿವುಡುತನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲಿದೆ.

ಕೂಸಿಗೆ ಇಲ್ಲದ ಒಂದು ಅನುಕೂಲ ಈ ರೋಗಿಗಿದೆ, ಅವನನ್ನು ಕೇಳಬಹುದು. ಕೇಳುವಾಗ ಎದುರಿಗೆ ಇಡಬೇಕಾದ ಸಂಗತಿಗಳು ಸಣ್ಣವಲ್ಲ. ದಾರಿ ಕೊರಳ ಬುಡದಲ್ಲಿದ್ದರೆ ಕೊರಳಿನಿಂದಲೇ ತಲುಪಬಹುದು, ಕೆಳಗಿದ್ದರೆ ಎದೆ ತೆರೆಯಬೇಕು. ದಾರಿಯನ್ನು ಕತ್ತರಿಸಿ, ಎರಡು ನಾಳಗಳ ತೂತುಗಳನ್ನೂ ಬೇರೆ ಬೇರೆಯಾಗಿ ಹೊಲಿದು, ಅವು ಮತ್ತೆ ಕೂಡದಂತೆ ನಡುವೆ ಜೀವಂತ ಸ್ನಾಯುವಿನದೋ ಎದೆಯ ಒಳಪೊರೆಯದೋ ಒಂದು ಪದರವನ್ನು ಇಡುತ್ತಾರೆ. ಹೊಲಿಗೆ ಸೋರಬಹುದು, ಕೊರಳಲ್ಲಾದರೆ ದನಿಯ ನರಕ್ಕೆ ಪೆಟ್ಟಾಗಬಹುದು. ಇದನ್ನೆಲ್ಲ ತೂಗಿದ ಮೇಲೂ ಒಬ್ಬ ಬೇಡ ಅಂದರೆ ಅದು ಅವನ ತೀರ್ಮಾನ, ಗೌರವಿಸಬೇಕಾದ್ದೇ. ಆದರೆ ತೀರ್ಮಾನ ಎನ್ನಿಸಿಕೊಳ್ಳಲು ಅದು ರೋಗವನ್ನು ತಿಳಿದ ಮೇಲೆ ಹುಟ್ಟಬೇಕು. ಏನಾಗಿದೆಯೆಂದೇ ತಿಳಿಯದೆ ಹಣೆಬರಹ ಅಂದುಕೊಂಡವನು ಆಯ್ಕೆ ಮಾಡಿಲ್ಲ, ಅವನ ಪರವಾಗಿ ಒಂದು ಗಾದೆ ಆಯ್ಕೆ ಮಾಡಿದೆ.

ಇಷ್ಟು ಅಪರೂಪದ ರೋಗಕ್ಕೆ ಇಷ್ಟೊಂದು ತತ್ವವೇಕೆ, ಮಳೆಯೇ ಇಲ್ಲದ ಈ ತಾಲ್ಲೂಕುಗಳಲ್ಲಿ ಕ್ಷಯವೇ ದೊಡ್ಡದಿರುವಾಗ ಎಂದು ಕೇಳಿದರೆ, ಕ್ಷಯದ ಅನುಮಾನವನ್ನು ವೈದ್ಯರು ಮೊದಲು ಪಡುವುದು ಸರಿಯೇ. ತಪ್ಪುವುದು ಎರಡನೆಯ ಸುತ್ತಿನಲ್ಲಿ. ಕಫದಲ್ಲಿ ಕ್ರಿಮಿ ಸಿಗದೆ, ಆರು ತಿಂಗಳ ಗುಳಿಗೆ ಮುಗಿದೂ ಕೆಮ್ಮು ನಿಲ್ಲದಿದ್ದಾಗ, ನೀರು ಕುಡಿದ ಮೇಲೆ ಕೆಮ್ಮು ಬರುತ್ತದೆಯೇ ಎಂದು ಕೇಳುವುದಕ್ಕೆ ಯಂತ್ರ ಬೇಕಿಲ್ಲ. ಆ ಲಕ್ಷಣಕ್ಕೆ ಓನೋ ಎಂಬ ಜಪಾನಿ ವೈದ್ಯನ ಹೆಸರೇ ಇದೆ. ಮುಂದಿನದಕ್ಕೆ ಯಂತ್ರ ಬೇಕು. ತೆಳುವಾದ ಬೇರಿಯಂ ಕುಡಿಸಿ, ರೋಗಿಯನ್ನು ಬೋರಲು ಮಲಗಿಸಿ, ನುಂಗುವ ಹೊತ್ತಿನಲ್ಲೇ ಚಿತ್ರ ತೆಗೆಯಬೇಕು. ಅನ್ನನಾಳಕ್ಕೆ ನೀಲಿ ಬಣ್ಣ ಬಿಟ್ಟು ಶ್ವಾಸನಾಳದೊಳಗಿಂದ ದುರ್ಬೀನಿನಲ್ಲಿ ಕಾಯಬೇಕು, ಸಿ.ಟಿ. ನೋಡಬೇಕು. ರಂಧ್ರ ಮಡಿಕೆಯೊಳಗೆ ಅವಿತಿದ್ದರೆ ಒಂದು ಪರೀಕ್ಷೆಯಲ್ಲಿ ಸಿಗದೆ ಇನ್ನೊಂದರಲ್ಲಿ ಸಿಗುವುದುಂಟು. ಸಿದ್ದಾಪುರದಿಂದ ಬಳ್ಳಾರಿಗೋ ದಾವಣಗೆರೆಗೋ, ಎದೆಯ ಶಸ್ತ್ರಚಿಕಿತ್ಸೆಗೆ ಇನ್ನೂರು ಕಿಲೋಮೀಟರಿಗೂ ದೂರದ ಬೆಂಗಳೂರಿಗೋ ಇದಕ್ಕಾಗಿ ಮತ್ತೆ ಮತ್ತೆ ಓಡಾಡುವ ಕೂಲಿಯವನಿಗೆ, ಮಗ್ಗದ ಮುಂದೆ ಕೂತು ದಿನದ ದುಡಿಮೆ ನೆಚ್ಚಿದ ಮೊಳಕಾಲ್ಮೂರಿನ ನೇಕಾರನಿಗೆ, ‘ಪಡೆದುಕೊಂಡು ಬಂದದ್ದು’ ಎಂಬ ಮಾತು ನಂಬಿಕೆಗಿಂತ ಹೆಚ್ಚಾಗಿ ಬಸ್ ಚಾರ್ಜಿನ ಲೆಕ್ಕವೂ ಆಗಿರುತ್ತದೆ. ಅದನ್ನು ಮರೆತು ಬಡವನ ಕರ್ಮಸಿದ್ಧಾಂತವನ್ನು ಮಾತ್ರ ತಿದ್ದಲು ಹೊರಡುವುದು ಅನ್ಯಾಯ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದೆ ಮನೆಗೆ ಬಂದವನು ಎರಡನೆಯದಕ್ಕೆ ಹೊರಡುವನೋ ಇಲ್ಲವೋ ಎಂಬುದನ್ನು ಕಿಸೆ ಅರ್ಧ ನಿರ್ಧರಿಸಿದರೆ ಇನ್ನರ್ಧವನ್ನು ಈ ಮಾತು ನಿರ್ಧರಿಸುತ್ತದೆ.

ಎರ್ರಗುಡಿಯ ಒಂಬತ್ತನೆಯ ಶಾಸನದಲ್ಲಿ ಅಶೋಕ ಕಾಯಿಲೆ, ಮದುವೆ, ಹೆರಿಗೆ, ಪ್ರಯಾಣಗಳಲ್ಲಿ ಜನ ಮಾಡುವ ಮಂಗಳಕಾರ್ಯಗಳ ಬಗ್ಗೆ ಮಾತಾಡುತ್ತಾನೆ. ಮಾಡಬೇಕಾದವೇ, ಆದರೆ ಅವುಗಳ ಫಲ ಅಲ್ಪ ಎನ್ನುತ್ತಾನೆ. ಹೆಂಗಸರು ಮಾಡುವ ಆಚರಣೆಗಳನ್ನು ಇನ್ನೂ ಹಗುರವಾಗಿ ತೆಗೆದುಹಾಕುತ್ತಾನೆ. ಅಲ್ಲಿ ನನಗೆ ಅವನ ಜೊತೆ ಪೂರ್ತಿ ಒಪ್ಪಿಗೆಯಿಲ್ಲ. ನುಂಕೆಮಲೆಯ ದೇವರಿಗೆ ಹರಕೆ ಹೊತ್ತು ಆಪರೇಷನ್‌ಗೆ ಹೊರಟವಳಿಗೂ, ಹರಕೆಯೊಂದೇ ಸಾಕೆಂದು ಮನೆಯಲ್ಲೇ ಉಳಿದವಳಿಗೂ ನಡುವೆ ನಂಬಿಕೆಯ ಪ್ರಮಾಣದಲ್ಲಿ ವ್ಯತ್ಯಾಸವಿರಬೇಕಾಗಿಲ್ಲ. ಹುಟ್ಟಿನಿಂದ ಬಂದದ್ದು ಬದಲಾಗಬಹುದು ಎಂದು ಒಬ್ಬಳು ಒಪ್ಪಿದ್ದಾಳೆ, ಇನ್ನೊಬ್ಬಳು ಒಪ್ಪಿಲ್ಲ. ದೇವರ ಬಗ್ಗೆ ಇಬ್ಬರ ನಡುವೆ ಜಗಳವೇ ಇಲ್ಲ.